ತಂಪು ಹೆಚ್ಚಾದ ಮದ್ದು

ನನ್ನ ತಂಗಿಗೆ ಎಲ್ಲದರಲ್ಲೂ ಒಂದು ಕೈ ಜಾಸ್ತಿ. ಸಾರಿಗೆ ಉಪ್ಪೂ ಜಾಸ್ತಿ, ಕೆಲಸದಲ್ಲಿ ಮುತುವರ್ಜಿಯೂ ಜಾಸ್ತಿ. ನಮ್ಮ ಬೀದಿಯ ಆರೋಗ್ಯ ಕೇಂದ್ರದಲ್ಲಿ ಅವಳು ನರ್ಸು. ಕರೆಂಟು ಹೋದಾಗ ಲಸಿಕೆ ಕೆಟ್ಟೀತು ಅಂತ ಫ್ರಿಜ್ಜಿನ ಗುಂಡಿಯನ್ನು ವರ್ಷಗಟ್ಟಲೆ ತಂಪಿನ ಕೊನೆಯ ಗೆರೆಯವರೆಗೂ ತಿರುಗಿಸಿ ಇಟ್ಟಿದ್ದಳು. ಒಳ್ಳೆಯದಕ್ಕೇ ಮಾಡಿದಳು ಅಂತ ಯಾರಾದರೂ ಅಂದರೆ ಈಗ ನನಗೆ ಮೈ ಉರಿಯುತ್ತದೆ.

ನನ್ನ ದೊಡ್ಡ ಮಗಳಿಗೆ ಗಂಟಲುಮಾರಿ ಬಂತು. ಕತ್ತು ಊದಿಕೊಂಡು, ಗಂಟಲಲ್ಲಿ ಬೂದುಬಣ್ಣದ ಪೊರೆ ಕಟ್ಟಿತು. ಕೆಮ್ಮಿದರೂ ಉಸಿರೆಳೆದರೂ ಗರಗಸ ಎಳೆದ ಹಾಗೆ ಸದ್ದು.

"ಲಸಿಕೆ ಹಾಕಿಸಿಲ್ವೇನಮ್ಮಾ?" ಅಂತ ಡಾಕ್ಟರು ಗದರಿದರು.

"ಎಲ್ಲಾ ಹಾಕಿಸಿದೀನಿ. ನನ್ನ ತಂಗೀನೇ ಹಾಕಿದ್ದು."

ಆ ರೋಗದ ವಿಷ ಇಳಿಸುವ ಔಷಧ ದೇಶದಲ್ಲೇ ಇಲ್ಲ, ಹೊರಗಿನಿಂದ ಹೊರಟಿದೆ ಅಂದರು. ಅದು ಬರುವಷ್ಟರಲ್ಲಿ ನಾವು ಮಣ್ಣು ಮಾಡಿ ಬಂದಾಗಿತ್ತು.

ಮಾರನೆಯ ದಿನ ತಂಗಿ ನನ್ನೆದುರು ಲಸಿಕೆಯ ಎರಡು ಸೀಸೆ ಕುಲುಕಿ ಇಟ್ಟಳು. ದೊಡ್ಡಾಸ್ಪತ್ರೆಯಿಂದ ತಂದ ಹೊಸದು ಹಾಲಿನಂತೆ ಬೆಳ್ಳಗೇ ಉಳಿಯಿತು. ಫ್ರಿಜ್ಜಿನದು ನೋಡನೋಡುತ್ತಲೇ ಮೇಲೆ ತಿಳಿಯಾಗಿ, ತಳದಲ್ಲಿ ಚರಟ ಕೂತಿತು.

"ಹೆಪ್ಪುಗಟ್ಟಿ ಕೆಟ್ಟಿದೆ ಅಕ್ಕಾ. ತಂಪು ಹೆಚ್ಚಾದ್ರೂ ಇದು ಕೆಲಸಕ್ಕೆ ಬರಲ್ಲ. ಬೀದಿ ಮಕ್ಕಳಿಗೆಲ್ಲಾ ಇದನ್ನೇ ಚುಚ್ಚಿದೀನಿ."

ನಾನು ಎದ್ದು ಹೊರಟುಬಿಟ್ಟೆ. ಕೂತಿದ್ದರೆ ಬಾಯಿಂದ ಶಾಪವೇ ಬರುತ್ತಿತ್ತು.

ಹೊಸ ಲಸಿಕೆ ಬಂತು. ಮಕ್ಕಳಿಗೆಲ್ಲ ಮತ್ತೆ ಹಾಕಬೇಕು. ತಂಗಿ ಹೋದರೆ ಯಾರೂ ಬಾಗಿಲು ತೆಗೆಯಲಿಲ್ಲ. ಹೆತ್ತವಳು ಹೇಳಿದರೆ ಕೇಳಿಯಾರು ಅಂತ ಎದುರುಮನೆ ಟೈಲರಮ್ಮನ ಹತ್ತಿರ ನಾನೇ ಹೋದೆ.

"ನಿಮ್ಮ ಮಗೂಗೆ ಎಲ್ಲಾ ಹಾಕ್ಸಿದ್ರಲ್ಲ ತಾಯಿ. ಮಣ್ಣಿಗೆ ನಾವೂ ಬಂದಿದ್ವಲ್ಲ."

"ಅದು ಕೆಟ್ಟಿತ್ತು. ಇದು ಚೆನ್ನಾಗಿದೆ."

"ಚೆನ್ನಾಗಿದೆ ಅಂತ ಯಾರು ಹೇಳಿದ್ದು?"

"ನನ್ನ ತಂಗಿ."

ಅವಳು ತಿರುಗಿ ಹೊಲಿಗೆ ಮಿಷನ್ ತುಳಿಯತೊಡಗಿದಳು.

ಎಲ್ಲರೂ ನೋಡಲಿ ಅಂತ ಬೀದಿಯ ನಡುವೆ ಕುರ್ಚಿ ಹಾಕಿ, ನನ್ನ ಚಿಕ್ಕ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ತಂಗಿ ಸೂಜಿಯನ್ನು ಹತ್ತಿರ ತಂದು ಮತ್ತೆ ಹಿಂದಕ್ಕೆ ಎಳೆದುಕೊಂಡಳು. "ಸರಿಯಾಗಿ ಹಿಡ್ಕೋ," ಅಂದೆ. ಮಗಳು ಹೋದ ಮೇಲೆ ಅವಳೊಡನೆ ಆಡಿದ ಮೊದಲ ಮಾತು ಅದು. ನನಗೂ ಭಯವಿತ್ತು, ಇದೂ ಬರೀ ನೀರೇನೋ ಅಂತ. ಚಿಕ್ಕವನು ಬೀದಿಗೆಲ್ಲ ಕೇಳುವ ಹಾಗೆ ಅತ್ತ. ಅರೆ ತೆರೆದಿದ್ದ ಬಾಗಿಲುಗಳೂ ಮುಚ್ಚಿಕೊಂಡವು.

ಸಂಜೆಯವರೆಗೆ ಕೂತೆವು. ಒಂದು ಮಗುವೂ ಬರಲಿಲ್ಲ. ಟೈಲರಮ್ಮನ ಮನೆಯೊಳಗೆ ಅವಳ ಮಗಳು ಕೆಮ್ಮತೊಡಗಿದಳು.

"ಅಕ್ಕಾ, ಅದೇ ಕೆಮ್ಮು."

ನನಗೆ ಹೇಳಿಕೊಡಬೇಕಾಗಿರಲಿಲ್ಲ. ಎದ್ದು ಹೋಗಿ ಬಾಗಿಲು ಬಡಿದೆ. ಒಳಗೆ ಹೊಲಿಗೆ ಮಿಷನ್ನಿನ ಸದ್ದು ಜೋರಾಯಿತು.