ಗೆರೆಗಳ ಶೆಡ್ಡಿನಲ್ಲಿ ದಾರಿ ತಪ್ಪಿದ ಭಾಗ್ಯಮ್ಮ

ಪೀಣ್ಯದಲ್ಲಿ ಮೋಟಾರಿಗೆ ತಂತಿ ಸುತ್ತುವ ಕಾರ್ಖಾನೆಯೊಂದಿದೆ. ೧೯೮೮ರಲ್ಲಿ ಅಲ್ಲಿ ಹೊಸ ಶೆಡ್ ಎದ್ದಿತು. ಹೆಂಗಸರ ಕಕ್ಕಸು ಶೆಡ್ಡಿನ ಹಿಂದೆ, ಆದರೆ ಆ ಕಡೆಗೆ ಬಾಗಿಲೇ ಇಲ್ಲ. ಗೋಡೆಯನ್ನೆಲ್ಲ ಸುತ್ತಿ ಹೋಗಿಬರುವಷ್ಟರಲ್ಲಿ ಸೂಪರ್‌ವೈಸರ್ ಮುಖ ಗಂಟಿಕ್ಕಿಕೊಂಡು ನಿಂತಿರುತ್ತಿದ್ದ. ಅವನಿಗೆ ಹೆದರಿ, ಅಲ್ಲಿ ತಂತಿ ಸುತ್ತುತ್ತಿದ್ದ ವೆಂಕಟಲಕ್ಷ್ಮಿ ನೀರು ಕುಡಿಯುವುದನ್ನೇ ಬಿಟ್ಟಳು. ಉರಿಮೂತ್ರ ಬಂತು, ಜ್ವರ ಬಂತು, ಕೊನೆಗೆ ಕೆಲಸವೂ ಹೋಯಿತು.

ಅವಳ ಅತ್ತಿಗೆ ಭಾಗ್ಯಮ್ಮನೂ ಅದೇ ಕಾರ್ಖಾನೆಯವಳು. ರಾಜಗೋಪಾಲನಗರದ ಅವರ ಮನೆಗೆ ಒಂದು ಭಾನುವಾರ, ಕಾರ್ಖಾನೆಯ ನಕ್ಷೆ ಬರೆಯುವ ಡ್ರಾಯಿಂಗ್ ಆಫೀಸಿನ ವತ್ಸಲಾ ಬಂದಳು.

"ಅಕ್ಕ, ಇನ್ನೊಂದು ಶೆಡ್ ಕಟ್ತಾರೆ. ಕಟ್ಟೋಕ್ ಮುಂಚೆ ಕಂಪ್ಯೂಟರ್‌ನಲ್ಲಿ ಅದರೊಳಗೆ ಓಡಾಡಿ ನೋಡೋಕೆ ನಾಳೆ ಬನ್ನಿ."

"ನಾನ್ ಬರಲ್ಲ ಕಣಮ್ಮ. ಈಗಿನ್ ಶೆಡ್ ಕಟ್ಟೋಕ್ ಮುಂಚೆ ಆವತ್ತೂ ಕಂಪ್ಯೂಟರ್ ಮುಂದೆ ಕೂರ್ಸಿದ್ರಲ್ಲ. ಗುಂಡಿ ಒತ್ತಿದ್ರೆ ಒಳಿಕ್ಕೆ ಓಯ್ತೀಯ ಅಂದ್ರು. ಗೋಡೆನೂ ಗೆರೆ, ಬಾಗ್ಲೂ ಗೆರೆ, ಎತ್ತ ತಿರುಗಿದ್ರೂ ಅದೇ ಗೆರೆ. ಎಲ್ಲಿದೀನಿ ಅಂತ್ಲೇ ಗೊತ್ತಾಗ್ಲಿಲ್ಲ."

"ಮತ್ತೆ ಚೆನ್ನಾಗಿದೆ ಅಂದ್ರಂತೆ?"

"ಇನ್ನೇನ್ ಅನ್ಲಿ? ನನ್ ತಲೆಗೆ ಅತ್ಲಿಲ್ಲ ಅಂದಿದ್ರೆ ನಗ್ತಿರ್ಲಿಲ್ವಾ?"

ವತ್ಸಲಾಳಿಗೆ ಬೇಸರವಾಯಿತು. "ನಂಗೂ ದಾರಿ ತಪ್ಪಿತ್ತು ಅಕ್ಕ. ಸಾಹೇಬ್ರಿಗೂ ತಪ್ಪಿತ್ತು. ಯಾರೂ ಬಾಯಿ ಬಿಡ್ಲಿಲ್ಲ. ತಪ್ಪು ನಿಮ್ ತಲೇದಲ್ಲ, ಚಿತ್ರದ್ದು. ಈಗ ಮುಂಬಾಗಿಲಿಗೆ ಕೆಂಪು ಹಾಕಿದೀವಿ, ನೀರಿನ ಟ್ಯಾಂಕಿಗೆ ನೀಲಿ. ಮೂಲೇಲಿ ಪುಟ್ಟ ನಕ್ಷೆ ಇದೆ, ನೀವಿರೋ ಜಾಗದಲ್ಲಿ ಚುಕ್ಕಿ ಕಾಣುತ್ತೆ. ಗೊಂದ್ಲ ಆದ್ರೆ ಒಂದ್ ಗುಂಡಿ ಒತ್ತಿ, ಬಾಗಿಲಿಗೇ ವಾಪಸ್ ಬರ್ತೀರ."

ಗೋಡೆಗೆ ಒರಗಿದ್ದ ವೆಂಕಟಲಕ್ಷ್ಮಿ ಮೆಲ್ಲಗೆ ಹೇಳಿದಳು: "ಓಗು ಅತ್ತಿಗೆ. ಆವತ್ತು ಯಾರಾದ್ರೂ ಒಂದ್ ಮಾತು ಏಳಿದ್ರೆ ನಾನ್ ಇಂಗೆ ಕೂತಿರ್ತಿರ್ಲಿಲ್ಲ."

ಭಾಗ್ಯಮ್ಮ ಒಪ್ಪಿಕೊಂಡಳು. ಮಾರನೇ ದಿನ ಹೋಗಿ, ವತ್ಸಲಾ ಮತ್ತು ಸಾಹೇಬರ ಎದುರು ಕಂಪ್ಯೂಟರ್ ಮುಂದೆ ಕೂತಳು.

ಕೆಂಪು ಬಾಗಿಲಿಂದ ಹೊರಟು, ನೀಲಿ ಟ್ಯಾಂಕು ದಾಟಿ, ಒಂದು ಕಡೆ ನಿಂತಳು. "ಇಲ್ಲಿ ದಾರಿ ತಪ್ತು" ಅಂದಳು. ಯಾರೂ ನಗಲಿಲ್ಲ. ವತ್ಸಲಾ ಗುರುತಿಗೆಂದು ಚಿತ್ರದಲ್ಲಿ ಅಲ್ಲೊಂದು ಹಳದಿ ಕಂಬ ನಿಲ್ಲಿಸಿದಳು. ಭಾಗ್ಯಮ್ಮ ಹಿಂದಿನ ಗೋಡೆಯವರೆಗೂ ಹೋದಳು. "ಕಕ್ಕಸಿಗೆ ಬಾಗ್ಲೆಲ್ಲಿ ಸಾರ್?" ಎಂದು ಕೇಳಿದಳು. ವತ್ಸಲಾ ಕೂಡಲೇ ಚಿತ್ರದ ಆ ಗೋಡೆಗೆ ಒಂದು ಬಾಗಿಲು ಇಟ್ಟಳು.

ಮನೆಗೆ ಬಂದು ಹೇಳಿದಾಗ ವೆಂಕಟಲಕ್ಷ್ಮಿ ನಕ್ಕಳು, ಆಮೇಲೆ ಅತ್ತಳು. ಅವಳ ಜಾಗದಲ್ಲಿ ಈಗ ಬೇರೆ ಹುಡುಗಿ ತಂತಿ ಸುತ್ತುತ್ತಾಳೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇಂಥ ಚಿತ್ರದೊಳಗೆ ದಾರಿ ತಪ್ಪಿದರೆ ನಾಚಬೇಡಿ, ಅಲ್ಲೇ ಹೇಳಿ. ಚಿತ್ರ ಮಾಡುವವರೇ, ಗುರುತು ಇಡಿ, ವಾಪಸ್ ಬರುವ ದಾರಿ ಇಡಿ, ಬಳಸುವವರನ್ನು ಕೂರಿಸಿ ಕೇಳಿ. ಗೆರೆಯನ್ನು ಅಳಿಸಬಹುದು. ಗೋಡೆ ಎದ್ದಮೇಲೆ ಯಾರೋ ಒಬ್ಬಳು ವೆಂಕಟಲಕ್ಷ್ಮಿ ಅದನ್ನು ಸುತ್ತಬೇಕಾಗುತ್ತದೆ.