ಮಾಣಿಕಮ್ಮ ಮಾತು ಬಿಟ್ಟ ವಾರ

"ತಲಿಗಿ ಎಣ್ಣಿ ಯಾರು ಹಚ್ಚ್ಯಾರ್ರಿ?"

ಮಿದುಳಿನ ಪರೀಕ್ಷೆಯ ಮಶೀನು ನಡೆಸುವ ಸಾಜಿದ ಕೇಳಿದ್ದು ಸಾಧಾರಣ ದನಿಯಲ್ಲೇ. ಆದರೂ ಸಪ್ನಾಳಿಗೆ ತನ್ನ ಮೇಲೆ ಇನ್ನೊಂದು ತಪ್ಪು ಬಿದ್ದಂತಾಯಿತು. ಕುರ್ಚಿಯಲ್ಲಿ ಕೂತಿದ್ದ ಅತ್ತೆಯ ಬೈತಲೆಯ ಮೇಲೆ ಅವನು ಬೆರಳಾಡಿಸಿ, ಆ ಬೆರಳನ್ನು ಬೆಳಕಿಗೆ ಹಿಡಿದು ತೋರಿಸಿದ. ಬೆರಳು ಮಿಂಚುತ್ತಿತ್ತು.

"ನಾನೇ ಹಚ್ಚೀನ್ರಿ, ಮುಂಜಾನಿ. ದವಾಖಾನಿಗಿ ಹೊಂಟೀವಿ, ಚಂದ ಕಾಣ್ಲಿ ಅಂತ."

"ಎಣ್ಣಿ ಇದ್ರ ವೈರ್ ಹಿಡಿಯಂಗಿಲ್ಲ ಅಕ್ಕಾ. ಮಿದುಳಿನ ಕರೆಂಟು ಭಾಳ ಸಣ್ಣದು. ಹಿಂದ ನಳ ಅದ, ತೊಳಕೊಂಡು ಬರ್ರಿ. ಮೇಡಂ ಸಂಜೀ ತನಕ ಇರ್ತಾರ."

ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಹಿಂದಿನ ಆ ಖಾಸಗಿ ದವಾಖಾನೆಗೆ ಮಿದುಳಿನ ಡಾಕ್ಟರು ಕಲಬುರ್ಗಿಯಿಂದ ಗುರುವಾರ ಮಾತ್ರ ಬರುತ್ತಿದ್ದರು. ಗಂಡ ಅನೀಲಕುಮಾರ ಶಾಂಪೂ ಪುಡಿಕೆ ತರಲು ಓಡಿದ. ಸಪ್ನಾ ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿದಳು. ಎಬ್ಬಿಸಿದರೆ ಏಳುತ್ತಿದ್ದಳು, ನಡೆಸಿದರೆ ನಡೆಯುತ್ತಿದ್ದಳು ಮಾಣಿಕಮ್ಮ. ಮಾತು ಮಾತ್ರ ಇರಲಿಲ್ಲ. ನಳದ ಕೆಳಗೆ ಬಗ್ಗಿಸಿದಾಗ ತಣ್ಣೀರು ಕುತ್ತಿಗೆಗೆ ಇಳಿದರೂ ಮೈ ಬೆಚ್ಚಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಸಪ್ನಾ ಅತ್ತೆಯ ತಲೆ ಮುಟ್ಟಿದ್ದು ಈ ವಾರವೇ. ಕೂದಲು ತಾನಂದುಕೊಂಡದ್ದಕ್ಕಿಂತ ತೆಳ್ಳಗಿತ್ತು.

ಬಸವಕಲ್ಯಾಣದ ಅಂಚಿನ ಅವರ ಓಣಿಯಲ್ಲಿ ಮಾಣಿಕಮ್ಮನ ಬಾಯಿ ಹೆಸರಾದದ್ದು. ಕುರಿ ಹೊಡೆದುಕೊಂಡು ಹೋದ ಗಂಡ ಭೀಮಶಾನನ್ನು ಅವಳು ಮನೆಯ ಕಟ್ಟೆಯಿಂದಲೇ ಕೂಗಿ ಕರೆಯಬಲ್ಲಳು. ಹೋದ ವಾರ ಅದೇ ಕಟ್ಟೆಯ ಮೇಲೆ, ನೆರೆಯ ಹೆಂಗಸರ ನಡುವೆ, ಸೊಸೆಯ ಹೊಟ್ಟೆಯ ಮಾತು ತೆಗೆದಿದ್ದಳು. ಮೊಮ್ಮಗಳು ಪೂನಂಗೆ ಐದು ತುಂಬಿತು, ಇನ್ನೂ ಎರಡನೇದರ ಸುದ್ದಿಯಿಲ್ಲ, ಯಾವ ದೇವರಿಗೆ ಕಾಯಿ ಒಡೆಸಬೇಕೋ ಎಂದು. ಕುರಿಗೆ ಹಿಂಡಿ ಕಲಸುತ್ತಿದ್ದ ಸಪ್ನಾ ತಲೆ ಎತ್ತದೆಯೇ ಅಂದಿದ್ದಳು, "ನಿಮ್ಮ ಬಾಯಿ ನಾಕು ದಿನ ಮುಚ್ಚಿದ್ರ ಈ ಮನ್ಯಾಗ ಎಲ್ಲಾ ಆಗ್ತದ."

ಮರುದಿನ ಮುಂಜಾನೆಯಿಂದ ಮಾಣಿಕಮ್ಮ ಮಾತಾಡಲಿಲ್ಲ.

ಮೊದಲು ಎಲ್ಲರೂ ಸಿಟ್ಟೆಂದರು. "ಅಕಿ ಹಂಗೇ. ನನ್ನ ಜೋಡಿ ಒಂದು ಸಲ ಒಂದು ತಿಂಗಳು ಮಾತು ಬಿಟ್ಟಿದ್ದಳು" ಎಂದು ಭೀಮಶಾ ಕೋಲು ಹಿಡಿದು ಅಡವಿಗೆ ಹೋದ. ಊಟದ ಗಂಗಾಳ ಮುಂದಿಟ್ಟರೆ ಮಾಣಿಕಮ್ಮ ಉಣ್ಣುತ್ತಿದ್ದಳು, ಆದರೆ ತುತ್ತು ಹಿಡಿದ ಕೈ ಅರ್ಧಕ್ಕೆ ನಿಂತುಬಿಡುತ್ತಿತ್ತು. ತುಟಿಗಳು ಒಂದೇ ಸಮನೆ ಸಣ್ಣಗೆ ಆಡುತ್ತಿದ್ದವು. ಒಳಗೊಳಗೇ ಸೊಸೆಗೆ ಶಾಪ ಹಾಕುತ್ತಿದ್ದಾಳೆ ಎಂದು ನೆರೆಯವರು ಪಿಸುಗುಟ್ಟಿದರು. ಸಪ್ನಾ ಕಾಲು ಹಿಡಿದಳು. ತಲೆಗೆ ಎಣ್ಣೆ ಹಚ್ಚಿದಳು. ಅವಳಿಗೆ ಬೇಕಾದ ಪುಂಡಿಪಲ್ಲೆ ಮಾಡಿದಳು. ಮನೆಯೊಳಗೆ ಕೂತರೆ ಕೂರಲಾಗದು, ಹೊರಗೆ ನಿಂತರೆ ನಿಲ್ಲಲಾಗದು. ಕಸ ಹೊಡೆದ ಅಂಗಳವನ್ನೇ ಮತ್ತೆ ಹೊಡೆಯುತ್ತಿದ್ದಳು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಒಂದು ಮಧ್ಯಾಹ್ನ, ಗಂಡಸರು ಕುರಿಯ ಹಿಂದೆ ಹೋಗಿದ್ದರು, ಪೂನಂ ಅಂಗನವಾಡಿಯಲ್ಲಿದ್ದಳು. ಸಪ್ನಾ ಅತ್ತೆಯ ಎದುರು ಧೊಪ್ಪನೆ ಕೂತಳು. "ಮಾತಾಡಬ್ಯಾಡ್ರಿ. ಕೇಳರೆ ಕೇಳ್ರಿ" ಅಂದಳು. ಆಮೇಲೆ ಅವಳಿಗೇ ಗೊತ್ತಿಲ್ಲದಂತೆ ಎಲ್ಲ ಹೊರಬಂತು. ಪೂನಂ ಹುಟ್ಟಿದ ದಿನ ರಕ್ತ ನಿಲ್ಲದೆ ಹೋದದ್ದು, ನರ್ಸಬಾಯಿ ಹೊಟ್ಟೆಯ ಮೇಲೆ ಮುಷ್ಟಿಯೊತ್ತಿ ಹೆಸರು ಹಿಡಿದು ಕೂಗುತ್ತಿದ್ದದ್ದು, ಹೊರಗೆ ಕೂತವರೆಲ್ಲ ಗಂಡೋ ಹೆಣ್ಣೋ ಎಂದು ಕೇಳಿದ್ದು, ಹಡೆದವಳು ಬದುಕಿದ್ದಾಳೋ ಇಲ್ಲವೋ ಎಂದು ಯಾರೂ ಕೇಳದೆ ಹೋದದ್ದು. ಕೊನೆಗೆ, ಯಾರಿಗೂ ಹೇಳದ ಮಾತನ್ನೂ ಹೇಳಿದಳು. ಬಾಣಂತನ ಮುಗಿಸಿ ಬಂದ ಮೇಲೆ ಸರಕಾರಿ ದವಾಖಾನೆಗೆ ಒಬ್ಬಳೇ ಹೋಗಿ ಕಾಪರ್-ಟಿ ಹಾಕಿಸಿಕೊಂಡಿದ್ದಳು. ಗಂಡನಿಗೂ ಗೊತ್ತಿಲ್ಲ. "ನನಗ ಅಂಜಿಕಿ ಬರ್ತದ ಅತ್ತಿ. ಇನ್ನೊಂದು ಸಲ ಆ ಮಂಚದ ಮ್ಯಾಲೆ ಮಲಗಾಕ ನನ್ನಿಂದ ಆಗಂಗಿಲ್ಲ."

ಮಾಣಿಕಮ್ಮನ ರೆಪ್ಪೆಗಳು ಪಟಪಟನೆ ಬಡಿದವು. ಅಷ್ಟೇ.

ಮರುದಿನವೂ ಆ ಹೊತ್ತಿಗೆ ಸಪ್ನಾ ಅವಳೆದುರು ಕೂತಳು. ಅದರ ಮರುದಿನವೂ. ಯಾರ ಮುಂದೆಯೂ ಒಪ್ಪಿಕೊಳ್ಳಲಾರದ ಸಂಗತಿಯೆಂದರೆ, ಅವಳು ಆ ಮಧ್ಯಾಹ್ನಗಳಿಗಾಗಿ ಕಾಯತೊಡಗಿದ್ದಳು. ಬುಧವಾರ ಮಾತ್ರ ಮಾಣಿಕಮ್ಮ ಕೂತಲ್ಲೇ ಸೀರೆ ಒದ್ದೆ ಮಾಡಿಕೊಂಡು, ಅದರ ಅರಿವೇ ಇಲ್ಲದೆ ಕೂತದ್ದನ್ನು ಅನೀಲ ಕಂಡ. "ಇದು ಸಿಟ್ಟಲ್ಲ" ಅಂದ. ಬಸವಕಲ್ಯಾಣದ ಡಾಕ್ಟರು ಬಿಪಿ, ಸಕ್ಕರೆ ನೋಡಿ ಎರಡೂ ಸರಿಯಿವೆ ಎಂದು, ಹುಮನಾಬಾದಿಗೆ ಹೋಗಿ ಮಿದುಳಿನ ಅಲೆಗಳ ಪರೀಕ್ಷೆ ಮಾಡಿಸಿರೆಂದು ಕಳಿಸಿದರು.

ತೊಳೆದ ಕೂದಲು ಆರಿದ ಮೇಲೆ ಸಾಜಿದ ಟೇಪಿನಿಂದ ತಲೆ ಅಳೆದು, ಕೆಂಪು ಪೆನ್ಸಿಲಿನಿಂದ ಗುರುತು ಹಾಕಿ, ಬಿಳಿ ಅಂಟು ಮೆತ್ತಿ ಒಂದೊಂದೇ ವೈರು ಅಂಟಿಸಿದ. ಅಷ್ಟೂ ಹೊತ್ತು ಏನಾದರೊಂದು ಮಾತಾಡುತ್ತಲೇ ಇದ್ದ. ತನ್ನ ಅಮ್ಮೀಜಾನ್ ಕೂಡ ಹೀಗೇ ಹಟಮಾರಿ ಎಂದ. ಮಶೀನು ಚಾಲೂ ಆಗಿ ಪರದೆಯ ಮೇಲೆ ಗೆರೆಗಳು ಹರಿಯತೊಡಗಿದಾಗ ಅವನ ಮಾತು ನಿಂತಿತು. ಎದ್ದು ಹೋಗಿ ಡಾಕ್ಟರರನ್ನು ಕರೆದುಕೊಂಡು ಬಂದ.

ಡಾಕ್ಟರ್ ಮನೀಷಾ ಸಪ್ನಾಳಿಗಿಂತ ನಾಲ್ಕಾರು ವರ್ಷ ದೊಡ್ಡವರಿರಬಹುದು. ಕೂರದೆ ನಿಂತೇ ನೋಡಿದರು. ಸಪ್ನಾಳೂ ನೋಡಿದಳು. ಎಲ್ಲ ಗೆರೆಗಳೂ ಒಟ್ಟಿಗೆ ಮುಳ್ಳಿನಂತೆ ಎದ್ದು, ಆ ಮುಳ್ಳಿನ ಬೆನ್ನಿಗೇ ದುಂಡಗೆ ಬಾಗಿ ಇಳಿದು, ಮತ್ತೆ ಎದ್ದು, ಮತ್ತೆ ಇಳಿದು, ಎಡೆಬಿಡದೆ ಸಾಗಿದ್ದವು. ಓದಲು ಬಾರದ ಬರಹವಾದರೂ ಅದರಲ್ಲಿ ನೆಮ್ಮದಿಯಿಲ್ಲವೆಂಬುದು ಕಾಣುತ್ತಿತ್ತು.

"ಇದು ಹ್ಯಾಂಗ ಶುರು ಆತು?" ಡಾಕ್ಟರು ಕೇಳಿದರು.

ಸಪ್ನಾ ತಾನೇ ಹೇಳಿದಳು. ಕಟ್ಟೆ, ಹೆಂಗಸರು, ತಾನಂದ ಮಾತು, ಮರುದಿನದ ಮುಂಜಾನೆ.

"ಮಾತಿನಿಂದ ಇಂಥ ಗೆರಿ ಬರಂಗಿಲ್ಲವ್ವಾ. ಇಂಥವು ಎರಡು ಕಾರಣಕ್ಕ ಬರ್ತಾವ. ಲಿವರೋ ಕಿಡ್ನಿಯೋ ಕೆಟ್ಟು ರಕ್ತದಾಗ ವಿಷ ಕೂಡಿದ್ರೂ ಗೆರಿ ಹಿಂಗ ಏಳ್ತಾವ. ಇಲ್ಲಂದ್ರ ಕೈಕಾಲು ಜಾಡಿಸದ ಫಿಟ್ಸ್ ಒಂದು ಅದ. ತಲಿ ಒಳಗ ಅಷ್ಟೇ ನಡೀತಿರ್ತದ, ದಿನಗಟ್ಟಲೆ. ಎರಡೂ ಅಣ್ಣ ತಮ್ಮರಂಗ ಕಾಣ್ತಾವ. ಏನರ ಗುಳಿಗಿ ತಗೋತಿದ್ರೇನು ಇವರು?"

"ಯಾವ ಗುಳಿಗಿನೂ ಇಲ್ರಿ" ಎಂದ ಅನೀಲ.

"ಅದಾವ್ರಿ" ಎಂದಳು ಸಪ್ನಾ. ಅತ್ತೆಯ ಎಲೆ-ಅಡಿಕೆ ಸಂಚಿಯಲ್ಲಿ ಸಣ್ಣ ಬಿಳಿ ಗುಳಿಗೆಗಳ ಸ್ಟ್ರಿಪ್ಪು ಇರುತ್ತಿದ್ದದ್ದನ್ನು ಅವಳು ಕಂಡಿದ್ದಳು. "ನಿದ್ದಿಗಿ ಅಂತ ತಗೋತಿದ್ರು. ಭಾಳ ವರ್ಷ ಆತು. ಮಾತು ಬಿಡೂ ಎರಡು ದಿನ ಮೊದಲ ಅಂಗಡ್ಯಾಂವ ಡಾಕ್ಟರ ಚೀಟಿ ಇಲ್ಲದ ಕೊಡಂಗಿಲ್ಲ ಅಂದ್ನಂತ. ಅದಕ್ಕ ಬೈಕೋತ ಬಂದಿದ್ರು."

ಅನೀಲ ಹೆಂಡತಿಯ ಮುಖ ನೋಡಿದ. ಡಾಕ್ಟರು ಮೊದಲ ಬಾರಿಗೆ ಸ್ಟೂಲು ಎಳೆದುಕೊಂಡು ಕೂತರು.

"ಅಂಥ ಗುಳಿಗಿ ಒಮ್ಮಿಂದೊಮ್ಮಿ ನಿಂತ್ರ ಹಿಂಗ ಆಗ್ತದ. ಆದರ ಖಾತ್ರಿ ಮಾಡ್ಕೋಬೇಕು. ಒಂದು ಸೂಜಿ ಹಾಕ್ತೀನಿ. ಉಸಿರು ಜರಾ ನಿಧಾನ ಆಗಬಹುದು, ಅದಕ್ಕ ತಯಾರಿ ಅದ. ಇನ್ನೊಂದು ಮಾತು ಕೇಳ್ರಿ. ಈ ಸೂಜಿಗಿ ಎರಡೂ ಥರದ ಗೆರಿ ಇಳೀತಾವ. ಗೆರಿ ಇಳದ್ವು ಅಂತ ಖುಷಿ ಪಡೋಹಂಗಿಲ್ಲ. ಅವರು ಮಾತಾಡಬೇಕು. ನೀವು ಕರೀತಾ ಇರ್ರಿ."

ಸೂಜಿಯ ಔಷಧಿ ನಿಧಾನವಾಗಿ ಇಳಿಯಿತು. ಸಪ್ನಾ ಕರೆದಳು, "ಅತ್ತೀ." ಪರದೆಯ ಮೇಲಿನ ಮುಳ್ಳುಗಳು ಎಡಬಿಡುತ್ತ ಬಂದವು. ನಡುನಡುವೆ ಸಪಾಟಾದ ತುಣುಕುಗಳು ಕಂಡವು. ಒಮ್ಮೆ ಮುಳ್ಳುಗಳೆಲ್ಲ ಮರಳಿ ಎದ್ದು ಮತ್ತೆ ಚದುರಿದವು. ಕೊನೆಗೆ ಗೆರೆಗಳೆಲ್ಲ ಸಣ್ಣಗೆ, ಗಾಳಿ ನಿಂತ ಕೆರೆಯ ನೀರಿನಂತೆ ಹರಿಯತೊಡಗಿದವು. ಸಾಜಿದ ಡಾಕ್ಟರರ ಕಡೆ ನೋಡಿದ. ಅವರು ಪರದೆ ಬಿಟ್ಟು ಮಾಣಿಕಮ್ಮನ ಮುಖ ನೋಡುತ್ತಿದ್ದರು.

ಮಾಣಿಕಮ್ಮನ ಕಣ್ಣುಗಳು ತೆರೆದೇ ಇದ್ದವು. ಮಾತಿಲ್ಲ.

"ಅತ್ತೀ, ನಾ ಸಪ್ನಾ ಇದ್ದೀನ್ರಿ." ಏನೂ ಇಲ್ಲ. ಡಾಕ್ಟರರ ಹುಬ್ಬು ಗಂಟಾಯಿತು. ರಕ್ತದ ರಿಪೋರ್ಟು ಯಾವಾಗ ಬರುತ್ತದೆಂದು ಸಾಜಿದನನ್ನು ಮೆಲ್ಲಗೆ ಕೇಳಿದರು. ಅನೀಲ ಗೋಡೆಗೆ ಒರಗಿದ. ಸಪ್ನಾ ಅತ್ತೆಯ ಭುಜ ಹಿಡಿದು ಕಿವಿಯ ಬಳಿ ಬಾಗಿ, ಓಣಿಯ ಕೊನೆಗೆ ಕೇಳುವಂತೆ ಕೂಗಿದಳು. ಒಮ್ಮೆ, ಎರಡು ಬಾರಿ. ದನಿ ಒಡೆದು ಹೋಯಿತು. ಮತ್ತೊಮ್ಮೆ ಕೂಗಲು ಉಸಿರು ತೆಗೆದುಕೊಂಡಳು.

"ಯಾಕ ಒದರಾಕತ್ತಿ?" ಎಂದಳು ಮಾಣಿಕಮ್ಮ. ನಾಲಗೆ ದಪ್ಪಗಾಗಿತ್ತು, ಆದರೆ ದನಿ ಅವಳದೇ. "ನಾ ಏನು ಕಿವುಡಿ ಇದ್ದೀನೇನು?"

ಅನೀಲ ಗೋಡೆಯ ಕಡೆ ತಿರುಗಿ ಶರ್ಟಿನ ತೋಳಿನಿಂದ ಮುಖ ಒರೆಸಿಕೊಂಡ. ಸಪ್ನಾ ನಕ್ಕಳು, ನಗುತ್ತಲೇ ಆ ಮಧ್ಯಾಹ್ನಗಳಲ್ಲಿ ತಾನಾಡಿದ್ದೆಲ್ಲ ನೆನಪಾಗಿ ಅತ್ತೆಯ ಭುಜದಿಂದ ಕೈ ತೆಗೆದಳು.

ಮೂರು ದಿನ ಅಲ್ಲೇ ಇಟ್ಟುಕೊಂಡರು. ರಕ್ತದ ರಿಪೋರ್ಟು ಸರಿಯಿತ್ತು. ಆ ಗುರುವಾರವೇ ಡಾಕ್ಟರು ಕಲಬುರ್ಗಿಗೆ ಹೊರಡುವ ಮೊದಲು ಸಪ್ನಾ ಅವರನ್ನು ಮೆಟ್ಟಿಲ ಬಳಿ ತಡೆದಿದ್ದಳು.

"ಮೇಡಂ, ಆ ವಾರದಾಗ ನಾವು ಮಾತಾಡಿದ್ದು ಅವರಿಗಿ ನೆನಪು ಇರ್ತದೇನ್ರಿ?"

"ಭಾಳ ಮಂದಿಗಿ ಪೂರಾ ಅಳಿಸಿ ಹೋಗಿರ್ತದ. ಕೆಲವರಿಗಿ ತುಣುಕು ತುಣುಕು ಉಳಿದಿರ್ತದ. ಹಿಂಗೇ ಅಂತ ಹೇಳಾಕ ಬರಂಗಿಲ್ಲ."

"ಗೆರ್ಯಾಗ ಅದು ಕಾಣಂಗಿಲ್ಲೇನ್ರಿ?"

"ಇಲ್ಲವ್ವಾ" ಎಂದು ಡಾಕ್ಟರು ಅವಳನ್ನು ಒಂದು ಗಳಿಗೆ ನೋಡಿದರು. "ಅದು ಗೆರ್ಯಾಗ ಕಾಣಂಗಿಲ್ಲ."

ಆ ಮೂರು ದಿನ ಸಪ್ನಾ ಅತ್ತೆಯ ಒಂದೊಂದು ಮಾತನ್ನೂ ತಿರುವಿ ನೋಡಿದಳು. ಚಹಾ ಸಪ್ಪಗಿದೆ ಎಂದರೆ ಅದರೊಳಗೇನೋ ಇದೆಯೆಂದು ಅನ್ನಿಸುತ್ತಿತ್ತು. ಭೀಮಶಾ ಒಂದು ಹೊತ್ತಿನ ಮಟ್ಟಿಗೆ ಪೂನಂಳನ್ನು ಕರೆತಂದಾಗ ಮಾಣಿಕಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸೊಸೆಯ ಕಡೆ ನೋಡಿದಳು. ಆ ನೋಟ ಎಂದಿನದೋ, ಬೇರೆಯದೋ ತಿಳಿಯಲಿಲ್ಲ.

ಮರಳುವ ಬಸ್ಸಿನಲ್ಲಿ ಜಾಗ ಸಿಕ್ಕಿದ್ದು ಇಬ್ಬರಿಗೆ. ಅನೀಲ ಮುಂದೆ ಡ್ರೈವರನ ಹಿಂದೆ ನಿಂತ. ಮಾಣಿಕಮ್ಮ ಕಿಟಕಿಯ ಕಡೆ ಕೂತು ಬಹಳ ಹೊತ್ತು ಹೆದ್ದಾರಿಯ ಲಾರಿಗಳನ್ನು ನೋಡಿದಳು.

"ಎಷ್ಟು ದಿನ ಮಾತಾಡಿಲ್ಲ ನಾ?"

"ಒಂದು ವಾರ ಆತ್ರಿ."

"ನೀ ಏನು ಮಾಡ್ದಿ ಅಷ್ಟು ದಿನ?"

"ನಿಮ್ಮ ಮುಂದ ಕುಂತು ಮಾತಾಡ್ತಿದ್ದೆರಿ."

"ನನಗೇನೂ ನೆನಪಿಲ್ಲ ನೋಡು. ಏನು ಮಾತಾಡ್ದಿ?"

ಏನು ಬೇಕಾದರೂ ಹೇಳಬಹುದಿತ್ತು. ಕುರಿಯ ಸುದ್ದಿ, ಪೂನಂಳ ಅಂಗನವಾಡಿಯ ಸುದ್ದಿ. ದಾರಿಯಲ್ಲಿ ರಾಜೇಶ್ವರ ಊರಿನ ಅಂಗಡಿಗಳು ಹಿಂದೆ ಸರಿದವು. ಸಪ್ನಾ ಮುಂದಿನ ಸೀಟಿನ ಕಬ್ಬಿಣದ ಪಟ್ಟಿ ಹಿಡಿದುಕೊಂಡಳು.

"ಪೂನಂ ಹುಟ್ಟಿದ ಮ್ಯಾಲೆ ನಾ ಕಾಪರ್-ಟಿ ಹಾಕಿಸ್ಕೊಂಡೀನಿ ಅತ್ತಿ" ಎಂದಳು. ಆ ಮಧ್ಯಾಹ್ನಗಳಲ್ಲಿ ತಾನಾಗಿ ಹರಿದು ಬಂದ ಮಾತು ಈಗ ಒಂದೊಂದಕ್ಕೂ ತೊಡರಿತು. ಅಂಜಿಕೆಯನ್ನು ಹೇಳಿದಳು, ರಕ್ತವನ್ನು ಹೇಳಿದಳು. ಹೊರಗೆ ಕೂತವರು ಕೇಳದೆ ಹೋದದ್ದನ್ನು ಮಾತ್ರ ಹೇಳಲಾಗಲಿಲ್ಲ.

ಮಾಣಿಕಮ್ಮ ಉತ್ತರಿಸಲಿಲ್ಲ. ಸಪ್ನಾ ಗಾಬರಿಯಿಂದ ಅವಳ ರೆಪ್ಪೆಗಳನ್ನು ನೋಡಿದಳು, ತುಟಿಗಳನ್ನು ನೋಡಿದಳು. ಯಾವುದೂ ಅದುರುತ್ತಿರಲಿಲ್ಲ.

"ಅನೀಲಗ ಗೊತ್ತದೇನು?"

"ಇಲ್ರಿ."

ಬಸ್ಸು ಗಕ್ಕನೆ ನಿಂತಿತು. ಕುರಿಯ ಹಿಂಡೊಂದು ರಸ್ತೆಗೆ ಇಳಿದಿತ್ತು. ಬಸ್ಸಿನ ಎರಡೂ ಬದಿಗೆ ಕವಲೊಡೆದು, ಮೈ ಒರೆಸಿಕೊಂಡು, ಧೂಳೆಬ್ಬಿಸುತ್ತ ಅವು ದಾಟತೊಡಗಿದವು. ಮಾಣಿಕಮ್ಮ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕುರಿ ಕಾಯುವ ಹುಡುಗನನ್ನು ಕೂಗಿದಳು.

"ಏ ತಮ್ಮಾ, ಆ ಹಿಂದಿನದು ನೋಡೋ, ಕುಂಟಾಕತ್ತದ. ಗೊರಸಿನ್ಯಾಗ ಮುಳ್ಳು ನಟ್ಟದ ಅದಕ್ಕ. ಹೊಡೀಬ್ಯಾಡ, ತನ್ನಷ್ಟಕ್ಕ ಬರ್ಲಿ."

ಸಪ್ನಾ ಅವಳ ಸೆರಗು ಬಿಗಿಯಾಗಿ ಹಿಡಿದು ಕೂತಳು. ಹಿಂಡು ದಾಟಿ ಆಚೆಯ ತೊಗರಿ ಹೊಲದ ಬದುವಿಗೆ ಇಳಿಯಿತು. ಹಿಂದೆ ಉಳಿದ ಆ ಒಂದು ಕುರಿ ಮುಂಗಾಲು ಎತ್ತಿ ಎತ್ತಿ ಇಡುತ್ತ ಡಾಂಬರಿನ ಮೇಲೆ ಬಂತು. ಹಿಂದಿನಿಂದ ಲಾರಿಯೊಂದು ಹಾರ್ನು ಬಾರಿಸುತ್ತಲೇ ಇತ್ತು. ಆ ಕುರಿ ದಾಟುವವರೆಗೂ ಡ್ರೈವರ ಗೇರಿಗೆ ಕೈ ಹಾಕಲಿಲ್ಲ.