ಒಣಗಬಾರದ ಬೀಜ

ಸೋಮವಾರ ಬೆಳಿಗ್ಗೆ ಹಳಿಯಾಳದ ಹತ್ತಿರದ ಸಾಂಬ್ರಾಣಿ ಊರಿನ ಸಸಿತೋಟದ ಗೇಟು ತೆಗೆಯುತ್ತಿದ್ದಂತೆ ಉಮಾಶ್ರೀಗೆ ಮೊದಲು ಕೇಳಿಸಿದ್ದು ಒಂದು ಸದ್ದು. ಶಿವಗಂಗವ್ವ ಅಂಗಳದ ಬಿಸಿಲಲ್ಲಿ ನಿಂತು ಮೊರದಲ್ಲಿ ಏನನ್ನೋ ಹಸನು ಮಾಡುತ್ತಿದ್ದಳು. ಅಡಿಕೆಗಿಂತ ದೊಡ್ಡ, ಕಂದು ಬಣ್ಣದ ಬೀಜಗಳು. ಮೊರ ಅಲುಗಿದಾಗಲೆಲ್ಲ ಒಳಗಿನ ತಿರುಳು ಸಿಪ್ಪೆಗೆ ಬಡಿದು ಗಲಗಲ ಅನ್ನುತ್ತಿತ್ತು.

"ನೋಡ್ರಿ ಅಕ್ಕಾರ, ಹೆಂಗ ಒಣಗ್ಯಾವ. ಎರಡ ಬಿಸಲಿಗೇ ಗೆಜ್ಜಿ ಹಂಗ ನುಡ್ಯಾಕ ಹತ್ಯಾವ. ಇವತ್ತ ಬೂದಿ ಕಲಸಿ ಗಡಿಗ್ಯಾಗ ತುಂಬಿಬಿಡ್ತೇನಿ."

ಉಮಾಶ್ರೀ ಹೆಗಲ ಚೀಲ ಇಳಿಸಲಿಲ್ಲ. ಬಾಯಿಂದ ಮಾತ್ರ "ಚಲೋ ಆತು ಗಂಗವ್ವಾರ" ಅನ್ನುವ ಮಾತು ಹೊರಟುಬಿಟ್ಟಿತು. ಯಾಕೆ ಹಾಗಂದೆ ಎಂದು ಮುಂದಿನ ಎರಡು ದಿನ ಅವಳು ತನ್ನನ್ನೇ ಕೇಳಿಕೊಂಡಳು.

ಅವು ರಾಮಪತ್ರೆಯ ಬೀಜಗಳು. ಊರಿನ ಅವರೆ, ಜೋಳ, ಹೀರೆಯ ಬೀಜಗಳಂತಲ್ಲ. ರಾಮಪತ್ರೆ ಕಾಡಿನ ಹಳ್ಳದ ಜೌಗಿನಲ್ಲಿ ಬೇರಿಳಿಸುವ ಮರ. ಅದರ ಬೀಜ ಮಳೆಗಾಲದ ಬಾಯಿಗೆ ಹಸಿ ಮಣ್ಣಿನ ಮೇಲೆ ಬೀಳುತ್ತದೆ, ಹಸಿಯಲ್ಲೇ ಮೊಳೆಯುತ್ತದೆ. ಒಣಗುವುದೆಂದರೇನೆಂದು ಅದಕ್ಕೆ ಗೊತ್ತಿಲ್ಲ. ಒಳಗಿನ ನೀರು ಆರಿದರೆ ಸತ್ತೇ ಹೋಗುತ್ತದೆ. ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ, ನಾಡಗಿಡಗಳನ್ನು ಉಳಿಸುವ ಈ ಸಂಸ್ಥೆಯಲ್ಲಿ ಆರು ವರ್ಷ ದುಡಿದ ಉಮಾಶ್ರೀಗೆ ಇದು ಹೊಸ ವಿಷಯವೇನಲ್ಲ. ಗೊತ್ತಿಲ್ಲದಿದ್ದದ್ದು ಶಿವಗಂಗವ್ವನಿಗೆ. ಅರವತ್ತು ದಾಟಿದ ಆಕೆ ಸಾಂಬ್ರಾಣಿಯ ಸುತ್ತಮುತ್ತ ಬೀಜದವ್ವ ಎಂದೇ ಹೆಸರಾದವಳು. ಆಕೆ ಕಟ್ಟಿಟ್ಟ ಬೀಜ ಹುಸಿಹೋದದ್ದಿಲ್ಲ. ಅದಕ್ಕೇ ಸಂಸ್ಥೆಯ ಬೀಜದ ಕೋಣೆಯ ಕೀಲಿ ಆಕೆಯ ಸೊಂಟದಲ್ಲಿತ್ತು.

ಆ ಕೋಣೆಯ ಬಾಗಿಲ ಮೇಲೆ ಉಮಾಶ್ರೀಯದೇ ಕೈಬರಹದ ಹಲಗೆ: ಒಣಗಿಸದ ಬೀಜ ಒಳಗೆ ಇಡಬಾರದು. ಮೂರು ವರ್ಷದ ಹಿಂದೆ ಯಾರೋ ತಂದಿಟ್ಟ ಹಸಿ ಬೀಜದಿಂದ ಬೂಷ್ಟು ಹತ್ತಿ ನಲವತ್ತು ಗಡಿಗೆ ಕೆಟ್ಟಿದ್ದವು. ಆಗ ಅವಳು ಸಿಟ್ಟಿನಿಂದ ಬರೆದ ಹಲಗೆ ಅದು. ಹೆಂಗಸರನ್ನೆಲ್ಲ ಕೂರಿಸಿ ಮೂರು ಸಲ ಓದಿಸಿದ್ದಳು. ಕಳೆದ ಶುಕ್ರವಾರ ಸಂಜೆ, ಮುಂಡಗೋಡದ ಬೀಜಮೇಳಕ್ಕೆ ಹೊರಟ ಅವಸರದಲ್ಲಿ, ಬಟ್ಟೆಯ ಚೀಲವನ್ನು ಶಿವಗಂಗವ್ವನ ಕೈಗಿಟ್ಟು "ಇವು ಭಾಳ ತುಟ್ಟಿ ಬೀಜ, ನಿಮ್ಮ ಕಣ್ಣಾಗ ಇರಲಿ" ಅಂದಿದ್ದಳು. ಒದ್ದೆ ಮರಳಿನಲ್ಲಿಡಿ ಅನ್ನುವ ಒಂದು ಮಾತು ಹೇಳಿರಲಿಲ್ಲ. ಶಿವಗಂಗವ್ವ ಬೀಜವನ್ನು ಕಣ್ಣಲ್ಲಿಟ್ಟೇ ಕಾದಿದ್ದಳು. ಕಾಗೆ, ಕೋಳಿ ಬರದಂತೆ ಎರಡು ದಿನ ಪಕ್ಕದಲ್ಲೇ ಕೂತಿದ್ದಳು.

ಆಕೆ ಊಟಕ್ಕೆ ಮನೆಗೆ ಹೋದಾಗ ಉಮಾಶ್ರೀ ಬೀಜಗಳನ್ನು ತೂಗಿದಳು. ಶುಕ್ರವಾರ ಎಂಬತ್ತಾರು ಬೀಜಗಳ ತೂಕ ಬರೆದಿಟ್ಟಿದ್ದಳು. ಈಗ ಅದರ ಮೂರನೆಯ ಒಂದು ಭಾಗ ಇಳಿದಿತ್ತು. ಚಾಕು ತೆಗೆದುಕೊಂಡು ಒಂದನ್ನು ಸೀಳಿದಳು. ಸಿಪ್ಪೆಯ ತುಂಬ ಇರಬೇಕಾದ ತಿರುಳು ಸುಕ್ಕಾಗಿ ಒಂದು ಮೂಲೆಗೆ ಸರಿದಿತ್ತು. ಇನ್ನೊಂದು ಸೀಳಿದಳು. ಒಂದಾದರೂ ಬೆಳ್ಳಗೆ ಸಿಕ್ಕೀತೆಂದು ಸೀಳುತ್ತಲೇ ಹೋಗಿ, ಹದಿನೇಳನೆಯದಕ್ಕೆ ನಿಲ್ಲಿಸಿ, ಹೋಳುಗಳನ್ನು ಗೊಬ್ಬರದ ಗುಂಡಿಗೆ ಎಸೆದಳು. ಉಳಿದವನ್ನು ನೀರಲ್ಲಿ ನೆನೆಹಾಕಿ, ಶಿವಗಂಗವ್ವ ಬಂದಾಗ ಊರಲಿಕ್ಕೆ ಎಂದಷ್ಟೇ ಹೇಳಿದಳು. ಸತ್ತದ್ದನ್ನು ನೆನೆಸಿದರೆ ಏಳುವುದಿಲ್ಲ ಎಂದು ಗೊತ್ತಿದ್ದೂ ಗಂಟೆಗೊಮ್ಮೆ ಹೋಗಿ ಬಕೆಟ್ಟಿನೊಳಗೆ ನೋಡಿಬಂದಳು.

ಬೇರೆ ಬೀಜವಾಗಿದ್ದರೆ ಮುಂದಿನ ವರ್ಷ ಎನ್ನಬಹುದಿತ್ತು. ಈ ಮರಕ್ಕೆ ಮುಂದಿನ ವರ್ಷವಿರಲಿಲ್ಲ. ರಾಮಪತ್ರೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಜೋಯಿಡಾ ಕಡೆಯ ಆ ಹಳ್ಳದಲ್ಲಿ ಉಳಿದಿದ್ದದ್ದು ಒಂದೇ ಜೋಡಿ. ಏಪ್ರಿಲ್‌ನ ಗಾಳಿಗೆ ಗಂಡು ಮರ ಬೇರುಸಮೇತ ಬಿದ್ದಿತ್ತು. ಹೆಣ್ಣು ಮರದ ಮೇಲೆ ಈಗಿರುವ ಕಾಯಿಯೇ ಕಡೆಯದು. ಹಳ್ಳದ ದಂಡೆಯಲ್ಲಿ ದನಗಾಹಿಗಳ ಸಣ್ಣ ಬಿಡಾರವಾದ ವಾಡಾದಲ್ಲಿ ಎಮ್ಮೆ ಕಟ್ಟಿಕೊಂಡಿರುವ ಡಾಕಪ್ಪ ವರ್ಷವೂ ಆ ಕಾಯಿ ಬಡಿದು, ಬೀಜಕ್ಕೆ ಸುತ್ತಿಕೊಂಡ ಕೆಂಪು ಪತ್ರೆಯನ್ನು ಬಿಡಿಸಿ ಮಸಾಲೆಗೆಂದು ಮಾರುತ್ತಿದ್ದ. ಅವನ ಮುಂದೆ ಮೂರು ಸಲ ಹೋಗಿ ಕೂತು ಉಮಾಶ್ರೀ ಒಪ್ಪಿಸಿದ್ದಳು: ಹಣ್ಣಾಗಲಿ, ಅರ್ಧ ನಮಗೆ, ಅರ್ಧ ನಿನಗೆ, ನಮ್ಮ ಪಾಲಿನಿಂದ ಸಸಿ ಎಬ್ಬಿಸಿ ಇದೇ ಹಳ್ಳಕ್ಕೆ ತಂದು ನೆಡುತ್ತೇವೆ. ಆ ಎಂಬತ್ತಾರು ಬೀಜಗಳನ್ನು ಶುಕ್ರವಾರ ಕೊಡುವಾಗ, ತನ್ನ ಪಾಲನ್ನು ಈ ವಾರದಲ್ಲಿ ಯಾವತ್ತಾದರೂ ಬಡಿಯುತ್ತೇನೆ ಅಂದಿದ್ದ ಅವನು.

ಅಂದರೆ ಮರದ ಮೇಲೆ ಇನ್ನೂ ಅರ್ಧ ಕಾಯಿ ಇತ್ತು. ಹೋಗಿ, ಬಡಿಯಬೇಡ ಎಂದು ಹೇಳಿದರೆ ಸಾಕು. ಆದರೆ ಹೇಳಬೇಕಾದರೆ ಮೊದಲ ಎಂಬತ್ತಾರು ಏನಾದವು ಅನ್ನುವುದನ್ನೂ ಹೇಳಬೇಕು; ಡಾಕಪ್ಪನಿಗೂ, ಅದಕ್ಕೆ ಮೊದಲು ಶಿವಗಂಗವ್ವನಿಗೂ. ವಾಡಾದಲ್ಲಿ ಫೋನು ಹತ್ತುವುದಿಲ್ಲ. ಅವನು ಹಾಲು ಹಾಕಲು ರಸ್ತೆಗೆ ಬಂದಾಗ ಸಿಕ್ಕಾನೆಂದು ಸೋಮವಾರ ಸಂಜೆ ನಾಲ್ಕು ಸಲ ಫೋನು ಹಚ್ಚಿದಳು. ಸಿಗಲಿಲ್ಲ. ಸಿಗದಿದ್ದಾಗ ಒಳಗೆಲ್ಲೋ ಹಗುರವಾಯಿತು, ಆಮೇಲೆ ಆ ಹಗುರಕ್ಕೇ ನಾಚಿಕೆಯಾಯಿತು.

ಮಂಗಳವಾರ ಹಳಿಯಾಳದ ಕಚೇರಿಗೆ ಹೋಗಿ ವೀರೇಶನಿಗೆ ಎಲ್ಲ ಹೇಳಿದಳು. ಸಂಸ್ಥೆಯ ಕೆಲಸಗಳನ್ನು ನೋಡಿಕೊಳ್ಳುವವನು ಅವನು. ಕೆಟ್ಟವನಲ್ಲ, ಯಾವುದನ್ನೂ ದೊಡ್ಡದು ಮಾಡದವನು.

"ಅದಕ್ಕ ಇಷ್ಟ್ಯಾಕ ಮಾರಿ ಸಣ್ಣ ಮಾಡೀರಿ?" ಅಂದ. "ಶಿರಸಿ ಕಡೆ ನರ್ಸರಿಯಾಗ ರಾಮಪತ್ರಿ ಸಸಿ ಸಿಗ್ತಾವ. ಐವತ್ತ ತಂದು ಕೊಟ್ಟಬಿಡ್ರಿ. ಡಾಕಪ್ಪ ಏನ ಎಲಿ ಹಿಡದು, ನಿಮ್ಮವ್ವ ಯಾರು ಅಂತ ಕೇಳ್ತಾನೇನು?"

ಉಮಾಶ್ರೀಗೆ ನಗು ಬಂತು. ಬಂದದ್ದಕ್ಕೆ ಸಿಟ್ಟೂ ಬಂತು. "ಆ ಹಳ್ಳದ ಗಿಡ ಆ ಹಳ್ಳದ್ದರೀ ಸರ್. ಬ್ಯಾರೆ ಕಡಿಂದ ತಂದ್ರ ನಾವು ಉಳಿಸಿದ್ದು ಏನು?"

"ಹಂಗಂದ್ರ ಇನ್ನೊಂದ ಹೇಳ್ತೇನಿ. ಈಗ ಆ ಒಣಗಿದ ಬೀಜಾನ ಊರಿಬಿಡ್ರಿ. ಎರಡ ತಿಂಗಳ ಆದಮ್ಯಾಲೆ, ಮೊಳಕಿ ಬರಲಿಲ್ಲ ಅಂತ ವರದಿಯಾಗ ಬರೀರಿ. ಅದೇನ ಸುಳ್ಳಲ್ಲಲ್ಲ."

ಅದು ಸುಳ್ಳಲ್ಲವೆಂಬುದೇ ಅವಳನ್ನು ಕಾಡಿತು. ಸಾಂಬ್ರಾಣಿಗೆ ವಾಪಸಾಗುವ ದಾರಿಯುದ್ದಕ್ಕೂ ಆ ವಾಕ್ಯವನ್ನು ಮನಸ್ಸಿನಲ್ಲೇ ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ಕಬ್ಬಿನ ಗದ್ದೆಗಳ ಆಚೆ ಮೋಡ ಕಟ್ಟಿತ್ತು. ಮಳೆ ಬಂದರೆ ಡಾಕಪ್ಪ ಮರ ಹತ್ತಲಾರ ಅಂದುಕೊಂಡಳು. ಮಳೆ ಬರುವ ಮುಂಚೆಯೇ ಬಡಿದುಬಿಡಬೇಕು ಎಂದು ಅವನೂ ಅಂದುಕೊಂಡಿರುತ್ತಾನೆ ಎಂದು ಆಮೇಲೆ ಹೊಳೆಯಿತು.

ಬುಧವಾರ ಬೆಳಿಗ್ಗೆ ಶಿವಗಂಗವ್ವ ಗೊಬ್ಬರದ ಗುಂಡಿಯ ಹತ್ತಿರದಿಂದ ಸೆರಗಿನಲ್ಲಿ ಏನನ್ನೋ ಕಟ್ಟಿಕೊಂಡು ಬಂದು ಉಮಾಶ್ರೀಯ ಮೇಜಿನ ಮೇಲೆ ಸುರಿದಳು. ಸೀಳಿದ ಬೀಜಗಳು.

"ಹದಿನೇಳು ಅದಾವ. ಯಾಕ ಕೊಯ್ದ್ರಿ?"

ಉಮಾಶ್ರೀ ಹೇಳಿದಳು. ಹಲಗೆ, ಅವಸರ, ಒದ್ದೆ ಮರಳು, ಬಿದ್ದ ಗಂಡು ಮರ, ಎಲ್ಲವನ್ನೂ ಹೇಳಿದಳು. ಶಿವಗಂಗವ್ವ ನಿಂತೇ ಕೇಳಿದಳು. ಒಂದು ಹೋಳನ್ನೆತ್ತಿ ಉಗುರಿನಿಂದ ಕೆರೆದು ನೋಡಿದಳು.

"ಇದನ್ನ ಸೋಮವಾರ ಯಾಕ ಹೇಳಲಿಲ್ಲ?"

"ನಿಮಗ ಬ್ಯಾಸರ ಆಗ್ತತಿ ಅಂತ..."

"ನನಗ ಬ್ಯಾಸರ ಆಗಬಾರದು ಅಂತ ಒಂದ ಗಿಡದ ವಂಶ ಹೋದ್ರೂ ನಡೀತತಿ ಅಂದ್ರಿ." ಆಕೆಯ ದನಿ ಏರಲಿಲ್ಲ. "ನಾ ಏನ ಹಾಲ ಕುಡಿಯೂ ಕೂಸಲ್ಲ. ಮರದ ಮ್ಯಾಲ ಇನ್ನ ಕಾಯಿ ಅದಾವು ಅಂದ್ರಿ ಅಲ್ಲ? ಚಪ್ಪಲಿ ಮೆಟ್ಟಿಕೋರಿ. ಹೋಗೂಣು."

ಡಬ್ಬಿಯೊಂದಕ್ಕೆ ಒದ್ದೆ ಮರಳು ತುಂಬಿಕೊಂಡು ಹೊರಟರು. ದಾಂಡೇಲಿಯಲ್ಲಿ ಬಸ್ಸು ಬದಲಿಸಿದಾಗ ಹನ್ನೊಂದು, ಜೋಯಿಡಾ ರಸ್ತೆಯಲ್ಲಿ ಇಳಿದು ವಾಡಾ ಮುಟ್ಟಿದಾಗ ಹನ್ನೆರಡು ದಾಟಿತ್ತು.

ಕೊಟ್ಟಿಗೆಯ ಮುಂದೆ ಗೋಣಿತಟ್ಟು ಹಾಸಿತ್ತು. ಅದರ ತುಂಬ ರಕ್ತದ ಬಣ್ಣದ ಪತ್ರೆ ಒಣಗುತ್ತಿತ್ತು. ಉಮಾಶ್ರೀ ಅದನ್ನು ನೋಡಿ ಅಲ್ಲೇ ನಿಂತಳು.

"ಏನ ಅಕ್ಕಾರ, ಐದ ದಿನದಾಗ ಸಸಿ ಎಬ್ಬಿಸಿಕೊಂಡ ಬಂದ್ರೇನು?" ಎಮ್ಮೆಗೆ ಹುಲ್ಲು ಹಾಕುತ್ತಿದ್ದ ಡಾಕಪ್ಪ ನಕ್ಕ.

"ಯಾವಾಗ ಬಡದ್ರಿ?"

"ನಿನ್ನಿ ಮಧ್ಯಾನ. ಮಳಿ ಆಗೂ ಹಂಗ ಇತ್ತು."

ನಿನ್ನೆ ಮಧ್ಯಾಹ್ನ ಅವಳು ವೀರೇಶನ ಎದುರು ಕೂತು ಚಹಾ ಕುಡಿಯುತ್ತಿದ್ದಳು. ಅವಳು ಬಾಯಿ ತೆರೆಯುವಷ್ಟರಲ್ಲಿ ಶಿವಗಂಗವ್ವ ಮುಂದೆ ಬಂದು, "ನಿಮ್ಮ ಬೀಜ ಒಣಗಿಸಿ ಕೊಂದಾಕಿ ನಾನು" ಅಂದಳು.

"ಅವ್ರಿಗೆ ಗೊತ್ತಿರಲಿಲ್ಲ. ಹೇಳದ ಬಿಟ್ಟಾಕಿ ನಾನು," ಅಂದಳು ಉಮಾಶ್ರೀ.

ಡಾಕಪ್ಪ ಇಬ್ಬರನ್ನೂ ನೋಡಿದ. ನಗು ಹೋಗಿತ್ತು. "ಬಿದ್ದ ಕೂಡ್ಲೆ ಊರಬೇಕು, ಬಿಸಲ ತೋರಸಬಾರದು ಅಂತ ನನಗ ಮೂರ ಸಲ ಪಾಠ ಹೇಳಿದ್ರಿ ಅಕ್ಕಾರ. ನಿಮ್ಮ ಮನಿಯಾಗಿನವರಿಗೆ ಹೇಳಲಿಲ್ಲೇನು?"

"ಪತ್ರಿ ಬಿಡಿಸಿದ ಬೀಜ ಎಲ್ಲಿ?" ಅಂತಷ್ಟೇ ಕೇಳಿದಳು ಉಮಾಶ್ರೀ.

ಅವನ ಹೆಂಡತಿ ಸೋನಿಬಾಯಿ ಬಾಗಿಲಲ್ಲಿ ನಿಂತಿದ್ದಳು. "ಒಂದ ಬುಟ್ಟಿ ಬಚ್ಚಲ ಒಲಿಗೆ ಹಾಕೀನಿ. ಎಣ್ಣಿ ಇರ್ತತಿ, ಚಲೋ ಉರೀತಾವ. ಉಳದದ್ದು ತಿಪ್ಪಿಗೆ ಒಗದೀನಿ."

ಮೂವರು ಹೆಂಗಸರೂ ತಿಪ್ಪೆಯ ಅಂಚಿನಲ್ಲಿ ಕೂತರು. ನಡುವಿನ ಸೆಗಣಿಯಲ್ಲಿ ಹೂತುಹೋದವು ಕಾವಿಗೆ ಬೆಂದಿದ್ದವು. ಬಲಿಯದೆ ಬಿದ್ದವು ಹಿಚುಕಿದರೆ ಮೆತ್ತಗಾಗುತ್ತಿದ್ದವು. ಅಂಚಿನ ಹಸಿ ಹುಲ್ಲಿನಡಿ ಸಿಕ್ಕವನ್ನು ಮಾತ್ರ ಉಮಾಶ್ರೀ ಅಂಗೈಯಲ್ಲಿಟ್ಟು ಭಾರ ನೋಡಿದಳು. ನೋಡುತ್ತಲೇ ಶಿವಗಂಗವ್ವನ ಕಡೆ ತಿರುಗಿ, ಹೀಗೆ ಗಟ್ಟಿಯಿರಬೇಕು, ಗಾತ್ರಕ್ಕಿಂತ ತೂಕ ಹೆಚ್ಚು ಅನ್ನಿಸಬೇಕು, ಎಂದು ಹೇಳಿದಳು. ಸ್ವಲ್ಪ ಹೊತ್ತಿಗೆ ಆ ಮುದುಕಿಯ ಬೆರಳು ಅವಳ ಬೆರಳಿಗಿಂತ ಚುರುಕಾದವು. ಎರಡು ತಾಸು ಹುಡುಕಿ ಆರಿಸಿದಾಗ ಇಪ್ಪತ್ತಮೂರು ಬೀಜ ಉಳಿದವು.

ಉಮಾಶ್ರೀ ಅವನ್ನು ಮರಳಿನ ಡಬ್ಬಿಗೆ ಹಾಕಲು ಹೋದಳು. ಡಾಕಪ್ಪ ಡಬ್ಬಿಯ ಮೇಲೆ ಕೈಯಿಟ್ಟ.

"ಎಲ್ಲಿಗೆ?"

"ಸಾಂಬ್ರಾಣಿಗೆ. ಅಲ್ಲಿ ನೆಳ್ಳಿನ ಪರದೆ ಐತಿ, ನೀರು ಐತಿ. ಇಲ್ಲಿ ಏಡಿ ತಿಂತಾವ, ಮುಳ್ಳಹಂದಿ ಕೆದರ್ತಾವ. ಅಲ್ಲಿ ಹದಿನೈದರೆ ಎದ್ದಾವು, ಇಲ್ಲಿ ಐದ ಏಳೂದು ಕಷ್ಟ."

"ಅಲ್ಲಿಗೆ ಎಂಬತ್ತಾರು ಕೊಟ್ಟಿದ್ದೆ," ಅಂದ ಡಾಕಪ್ಪ. "ಎಷ್ಟ ಎದ್ವು?"

ಅವಳ ಲೆಕ್ಕ ಸರಿಯಿತ್ತು. ಅವನ ಮಾತೂ ಸರಿಯಿತ್ತು. ಅವಳು ಶಿವಗಂಗವ್ವನ ಮುಖ ನೋಡಿದಳು.

"ಅಂವ ಅನ್ನೂದು ಖರೇ ಐತಿ," ಅಂದಳು ಶಿವಗಂಗವ್ವ. "ನಾ ಇಲ್ಲೇ ಇರ್ತೇನಿ. ಮಳಿ ಹಿಡ್ಯೂತನಕ, ಎಂಟ ಹತ್ತ ದಿನ. ಹಳ್ಳದ ಮಗ್ಗಲ ಬುಟ್ಟ್ಯಾಗ ಮರಳ ತುಂಬಿ ಇಟ್ಟು, ಮ್ಯಾಲ ಮುಳ್ಳ ಮುಚ್ಚಿ ಕಾಯತೇನಿ. ಆಮ್ಯಾಲೆ ಸೋನಿಬಾಯಿ ನೋಡ್ತಾಳ. ಏನವ್ವಾ, ನಿಮ್ಮ ಮನ್ಯಾಗ ಒಂದ ರೊಟ್ಟಿ ಹೆಚ್ಚಿಗಿ ಆದ್ರ ನಡೀತತಿಲ್ಲೋ?"

"ರೊಟ್ಟಿ ನೀವ ಬಡೀಬೇಕು," ಅಂದಳು ಸೋನಿಬಾಯಿ. "ನನ್ನ ರೊಟ್ಟಿ ನೋಡಿದ್ರ ಹಳಿಯಾಳದವರು ನಗ್ತಾರ."

ಡಾಕಪ್ಪ ಡಬ್ಬಿಯಿಂದ ಕೈ ತೆಗೆದ. ಉಮಾಶ್ರೀ ಪುಸ್ತಕ ತೆಗೆದು ದಿನಾಂಕ ಹಾಕಿ, ಎಂಬತ್ತಾರು ಬೀಜ ಹಾಳಾದದ್ದು, ತಾನು ಸೂಚನೆ ಕೊಟ್ಟಿರಲಿಲ್ಲ ಅನ್ನುವುದು, ಇಪ್ಪತ್ತಮೂರು ಬೀಜ ಡಾಕಪ್ಪನ ವಾಡಾದಲ್ಲೇ ಇಟ್ಟದ್ದು, ಎಲ್ಲವನ್ನೂ ಬರೆದಳು. ಬರೆದದ್ದನ್ನು ಅವರಿಗೆ ಓದಿ ಹೇಳಿದಳು. ಆಮೇಲೆ ನೀರು ಎಷ್ಟು, ನೆರಳು ಎಷ್ಟು ಎಂದು ಹೇಳಿ, ಮೂರೂವರೆಯ ಬಸ್ಸು ಹಿಡಿಯಲು ಒಬ್ಬಳೇ ಹೊರಟಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕೂತರೂ ಕೂತಂತಾಗಲಿಲ್ಲ. ಹೇಳಿದ್ದನ್ನೆಲ್ಲ ಒಂದೊಂದಾಗಿ ನೆನೆದಳು: ಮರಳು, ನೀರು, ಮುಳ್ಳು, ಏಡಿ. ಇನ್ನೂ ಒಂದು ತಿರುವು ದಾಟಿರಲಿಲ್ಲ, ಎದ್ದು ನಿಂತಳು. ಆಳ ಹೇಳಿರಲಿಲ್ಲ. ಶಿವಗಂಗವ್ವ ಅವರೆ ಊರಿದ ಹಾಗೆ ಎರಡು ಬೆರಳು ಆಳಕ್ಕೆ ಊರುತ್ತಾಳೆ. ಇದನ್ನು ಅಡ್ಡ ಮಲಗಿಸಿ, ಅರ್ಧ ಮರಳಿನೊಳಗೆ, ಅರ್ಧ ಮೇಲೆ ಬಿಡಬೇಕು. ಆಳಕ್ಕೆ ಹೋದರೆ ಕೊಳೆಯುತ್ತದೆ.

"ನಿಲ್ಲಸ್ರಿ, ಇಳೀತೇನಿ."

"ಈಗರೆ ಹತ್ತೀರಲ್ಲರೀ," ಅಂದ ಕಂಡಕ್ಟರ್. "ಏನರೆ ಮರೆತ್ರೇನು?"

"ಒಂದ ಮಾತು ಹೇಳೂದು ಉಳೀತು."

"ಫೋನ್ ಹಚ್ಚಿ ಹೇಳ್ರಿ. ಇದರ ಹಿಂದ ಕಡೀ ಬಸ್ಸು ಆರಕ್ಕ ಐತಿ. ಅದೂ ಬಂದ್ರ ಬಂತು."

ಅವಳು ಆಗಲೇ ಮೆಟ್ಟಿಲ ಮೇಲಿದ್ದಳು. ಬಸ್ಸು ಹೋದ ಮೇಲೆ ರಸ್ತೆ ಸುಮ್ಮನಾಯಿತು. ಹನಿ ಶುರುವಾಗಿತ್ತು. ಉಮಾಶ್ರೀ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ವಾಡಾದ ದಾರಿಗೆ ತಿರುಗಿ, ಮೊದಲು ಬಿರುಸಾಗಿ ನಡೆದಳು, ಆಮೇಲೆ ಓಡತೊಡಗಿದಳು.